ಕರ್ಣನ ಕುಲಜ್ಞಾನವೂ ಆತ್ಮನಿಶ್ಚಯವೂ

ಸಂಧಿಕಾರ್ಯವು ಕೈಗೂಡದೆ ಹಸ್ತಿನಾವತಿಯಿಂದ ಹಿಂದಿರುಗುವ ಶ್ರೀಕೃಷ್ಣನು ಕರ್ಣನಿಗೆ ಆತನ ಜನ್ಮರಹಸ್ಯವನ್ನು ಅರುಹುವ ಸಂದರ್ಭವು ಭಾರತಕಥೆಯ ಮರ್ಮಸ್ಥಾನವಾಗಿದೆ. ಸೂತಪುತ್ರನೆಂಬ ನಿಂದೆಯನ್ನು ಸಹಿಸುತ್ತ ಬಂದವನಿಗೆ ಕ್ಷತ್ರಿಯಕುಲವು ದೊರೆತುದು ಲಾಭವೆಂದೇ ಮೇಲ್ನೋಟಕ್ಕೆ ತೋರಬಹುದು. ಕನ್ನಡದ ಮಹಾಕವಿಗಳಿಬ್ಬರೂ ಹಾಗೆ ಎಣಿಸಿಲ್ಲ.

ವ್ಯಾಸರ ಉದ್ಯೋಗಪರ್ವದಲ್ಲಿ ಕರ್ಣನು ರಾಧೆಯ ಮತ್ತು ಅಧಿರಥನ ವಾತ್ಸಲ್ಯವನ್ನು ನೆನೆದು, ಆ ಬಂಧವನ್ನು ಕಡಿಯಲಾರೆನೆನ್ನುತ್ತಾನೆ. ಕ್ರಿ. ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ಸ್ವಾಮಿಋಣಕ್ಕೆ ಪ್ರಾಧಾನ್ಯವನ್ನು ಕೊಟ್ಟಿರುವನು. ಕುಲವನ್ನೆತ್ತಿ ಹಳಿದ ಸಭೆಯಲ್ಲಿ ಅಂಗರಾಜ್ಯವನ್ನಿತ್ತವನನ್ನು, ಕುಲವು ತಿಳಿದೊಡನೆ ತೊರೆಯುವುದು ಅವನ ಕರ್ಣನಿಗೆ ಅಸಾಧ್ಯ. 15ನೆಯ ಶತಮಾನದ ಕುಮಾರವ್ಯಾಸನಾದರೋ ಅದೇ ನಿರ್ಧಾರದ ಹಿಂದಿನ ವೇದನೆಯನ್ನು ತೆರೆದು ತೋರಿಸುತ್ತಾನೆ. ಅವನ ಕರ್ಣನಿಗೆ ಕೊರಳು ಬಿಗಿಯುತ್ತದೆ, ಕಂಬನಿಯುಕ್ಕುತ್ತದೆ. ಈ ಅರಿವು ವರವಲ್ಲ, ತನ್ನ ಕೊಲೆಗೆ ಹೂಡಿದ ಉಪಾಯವೆಂಬುದೂ ಹೊಳೆಯುತ್ತದೆ.

ಈ ಕಣ್ಣೀರನ್ನು ಪಂಪನ ಧೀರಕರ್ಣನಿಗೆ ಹೋಲಿಸಿ ದೌರ್ಬಲ್ಯವೆನ್ನುವುದು ಯುಕ್ತವಲ್ಲ. ಅತ್ತ ಬಳಿಕವೂ ನಿಶ್ಚಯವು ಕದಲದಿರುವುದೇ ಇಲ್ಲಿ ವಿಚಾರಣೀಯವು. ಒಡಹುಟ್ಟಿದವರ ಹಂಬಲವೇ ಇಲ್ಲದಿದ್ದರೆ ಅವರನ್ನು ಬಿಡುವುದರಲ್ಲಿ ತ್ಯಾಗವೆಲ್ಲಿಯದು? ಕುಂತಿ ತನ್ನ ತಾಯಿಯೆಂಬುದನ್ನು ಕರ್ಣನು ಅಲ್ಲಗಳೆಯಲಿಲ್ಲ. ಆದರೆ ಆ ಸಂಬಂಧದ ಫಲವಾದ ಸಿಂಹಾಸನವನ್ನು ಒಲ್ಲೆನೆಂದನು. ಬಾಳೆಲ್ಲ ಇತರರು ತನ್ನನ್ನು ಕುಲದಿಂದಲೇ ಅಳೆದರೆಂದು ನೊಂದವನು, ಕಡೆಗೆ ತನ್ನನ್ನು ತಾನು ಅದೇ ಕೋಲಿನಿಂದ ಅಳೆದುಕೊಳ್ಳಲು ಒಪ್ಪಲಿಲ್ಲ. ಕುಮಾರವ್ಯಾಸನ ಕರ್ಣನ ಹಿರಿಮೆಯು ಈ ಒಪ್ಪದಿರುವಿಕೆಯಲ್ಲಿದೆ. ಕಣ್ಣೀರು ಅದರ ಬೆಲೆಯನ್ನು ಸೂಚಿಸುತ್ತದೆ.