ಹೊಳೆಯ ಹೆಸರಲ್ಲಿ ಖಾತಾ ಇಲ್ಲ

ಪ್ರತಿ ಮಳೆಗಾಲದಲ್ಲೂ ನಮ್ಮ ಸಿಟ್ಟು ಒಂದೇ ದಾರಿ ಹಿಡಿಯುತ್ತೆ. ರಸ್ತೆ ಮುಳುಗಿತು, ಪಾಲಿಕೆಗೆ ಬೈದೆವು, ಬಿಲ್ಡರ್‌ಗೆ ಬೈದೆವು, ಬಿಸಿಲು ಬಂತು, ಮರೆತೆವು. ಈ ಸಲ ಬೈಯೋ ಮುಂಚೆ ಒಂದು ಹಳೇ ಕಾಗದದ ಬಗ್ಗೆ ಮಾತಾಡೋಣ: 1975ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ನೆರೆಬಯಲು ವಲಯೀಕರಣದ ಮಾದರಿ ಮಸೂದೆ.

ಹೆಸರು ಕೇಳಿದ್ರೆ ನಿದ್ದೆ ಬರುತ್ತೆ, ಒಪ್ತೀನಿ. ಒಳಗಿರೋದು ಮಾತ್ರ ಸರಳ ವಿಚಾರ. ನದಿ ಅಂದ್ರೆ ಬೇಸಿಗೆಯಲ್ಲಿ ಕಾಣುವ ನೀರಿನ ಗೆರೆ ಅಷ್ಟೇ ಅಲ್ಲ, ತುಂಬಿದಾಗ ಅದು ಮೈಚಾಚುವ ಬಯಲೂ ನದಿಯದೇ. ಆ ಬಯಲನ್ನು ಅಳೆದು, ನಕ್ಷೆ ಮಾಡಿ, ಎಲ್ಲಿ ಕಟ್ಟಲೇಬಾರದು, ಎಲ್ಲಿ ಷರತ್ತಿನ ಮೇಲೆ ಕಟ್ಟಬಹುದು ಅಂತ ಒಂದು ಪ್ರಾಧಿಕಾರ ಹೇಳಬೇಕು. ಇದರ ಜೊತೆಗಿನ ಮಾರ್ಗಸೂಚಿ ಇನ್ನೂ ಖಚಿತ: ಆಸ್ಪತ್ರೆ, ವಿದ್ಯುತ್ ಸ್ಥಾವರ, ರೈಲು ನಿಲ್ದಾಣ ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ಮನೆ, ಸರ್ಕಾರಿ ಕಚೇರಿ 25 ವರ್ಷದ ನೆರೆಗಿಂತ ಮೇಲೆ, ಪದೇಪದೇ ಮುಳುಗುವಲ್ಲಿ ಪಾರ್ಕು, ಆಟದ ಮೈದಾನ.

ಆಮೇಲೇನಾಯ್ತು? ಮಣಿಪುರ 1978ರಲ್ಲಿ ಕಾನೂನು ಮಾಡಿತು. ನಂತರ ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಉತ್ತರಾಖಂಡದ ಕಾನೂನು 2012ರದ್ದು, ಮರುವರ್ಷವೇ ಕೇದಾರನಾಥದ ದುರಂತ. ಕಾನೂನು ಪುಸ್ತಕದಲ್ಲಿತ್ತು, ಕಟ್ಟಡಗಳು ನದಿಯಂಚಲ್ಲಿದ್ದವು.

ರಾಜ್ಯಗಳು ಸೋಮಾರಿಗಳು ಅಂತ ಮುಗಿಸಿಬಿಡಬಹುದು. ನನ್ನ ತಕರಾರು ಇರೋದು ಲೆಕ್ಕದ ಬಗ್ಗೆ. ನೀರು ರಾಜ್ಯಪಟ್ಟಿಯ ವಿಷಯ. ಕೇಂದ್ರ ಮಾದರಿ ಕಳಿಸಬಹುದು, ಪಾಲಿಸಿ ಅಂತ ಕೂರಲಾರದು. 'ಇಲ್ಲಿ ಕಟ್ಟಬೇಡಿ' ಅಂದ್ರೆ ಜಮೀನಿನವರ ಶಾಪ, ಪರಿಹಾರದ ಹೊರೆ ಎರಡೂ ರಾಜ್ಯದ ತಲೆ ಮೇಲೆ. ಸುಮ್ಮನಿದ್ದು ಊರು ಮುಳುಗಿದ್ರೆ? ರಾಜ್ಯ ವಿಪತ್ತು ನಿಧಿಯಲ್ಲಿ ನಮ್ಮಂಥ ರಾಜ್ಯಗಳಿಗೆ ಮುಕ್ಕಾಲು ಪಾಲು ಕೇಂದ್ರದ್ದು, ಜೊತೆಗೆ ಹೆಲಿಕಾಪ್ಟರ್ ಸಮೀಕ್ಷೆ, ಚೆಕ್ ಹಂಚುವ ಫೋಟೊ. ತಡೆದವನಿಗೆ ಬೈಗುಳ, ತಡವಾಗಿ ಬಂದವನಿಗೆ ಹಾರ! ಯಾವ ಮಂತ್ರಿ ತಾನೇ ಮೊದಲನೇದನ್ನ ಆರಿಸ್ತಾನೆ?

ಮಲಪ್ರಭೆಯ ದಂಡೆಯ ಜನ 2009ರಲ್ಲಿ ನೆರೆ ನೋಡಿದರು, 2019ರಲ್ಲಿ ಮತ್ತೆ ನೋಡಿದರು. ಆ ಸಲ ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತು. ಅಣೆಕಟ್ಟಿನ ಗೇಟು ನೀರಾವರಿಯವರದು, ಪರಿಹಾರ ಕಂದಾಯ ಇಲಾಖೆಯದು, ಹೊಳೆದಂಡೆಯ ಮನೆಗಳ ಲೆಕ್ಕ ಪಂಚಾಯಿತಿಯದು. ಅದೇ ವರ್ಷ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಮಹಾರಾಷ್ಟ್ರದವರು ಆಲಮಟ್ಟಿಯತ್ತ ಬೆರಳು ತೋರಿಸಿದರು. ಕೃಷ್ಣೆಗೆ ಗಡಿ ಗೊತ್ತಿಲ್ಲ, ಕಡತಗಳಿಗೆ ಗೊತ್ತು.

ಇನ್ನು ನಮ್ಮ ಬೆಂಗಳೂರು. ಇಲ್ಲಿ ಜಗಳ ಮೀಟರ್‌ಗಳದ್ದು. ಕೆರೆ ಸುತ್ತ 75 ಮೀಟರ್ ಬಿಡಿ ಅಂತ 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. ಮಾಸ್ಟರ್ ಪ್ಲಾನ್ ಬದಲಿಸುವ ಅಧಿಕಾರ ಮಂಡಳಿಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮತ್ತೆ ಹಳೇ 30 ಮೀಟರ್. ಕಾನೂನಿನ ಪ್ರಕಾರ ಸರಿಯೇ ಇರಬಹುದು, ಆದರೆ ಎರಡು ಕಡೆಯವರೂ ಟೇಪು ಹಿಡಿದು ಅಡ್ಡಡ್ಡ ಅಳೀತಿದ್ದಾರೆ. ನೀರು ದೂರ ನೋಡಲ್ಲ ಸ್ವಾಮಿ, ತಗ್ಗು ನೋಡುತ್ತೆ. 1975ರವರು ಮಟ್ಟದ ಮಾತಾಡಿದ್ದರು. ಜಾಣತನ ಇದ್ದದ್ದು ಅಲ್ಲೇ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ದೋಣಿ, ಟ್ರ್ಯಾಕ್ಟರ್ ಹತ್ತಿ ಹೊರಬಂದವರಲ್ಲಿ ಕೋಟಿಗಟ್ಟಲೆ ಕೊಟ್ಟು ಮನೆ ಕೊಂಡವರೂ ಇದ್ದರು. ಅವರ ಬಳಿ ಖಾತಾ ಇತ್ತು, ಇಸಿ ಇತ್ತು. ನೆರೆಯ ಮಟ್ಟ ಎಷ್ಟು ಅನ್ನೋದು ಆ ಯಾವ ಕಾಗದದಲ್ಲೂ ಇರಲ್ಲ. ಇಪ್ಪತ್ತು ವರ್ಷದ ಇಎಂಐ ಮಾತ್ರ ಇರುತ್ತೆ.

ಫ್ಲ್ಯಾಟ್ ನೋಡೋಕೆ ಹೋದಾಗ ಒಂದು ಪ್ರಶ್ನೆ ಕೇಳಿ ನೋಡಿ: ಪಕ್ಕದ ಕೆರೆಯ ಕೋಡಿ ಎಲ್ಲಿದೆ, ನಿಮ್ಮ ಬೇಸ್‌ಮೆಂಟಿನ ನೆಲ ಅದಕ್ಕಿಂತ ಎಷ್ಟು ಮೇಲಿದೆ? ನಾನು ಕೇಳಿದ್ದೆ. ಸೇಲ್ಸ್ ಹುಡುಗ ಒಂದು ಕ್ಷಣ ಯೋಚಿಸಿ, "ಸರ್, ಮೊದಲು ಕ್ಲಬ್‌ಹೌಸ್ ತೋರಿಸ್ಲಾ?" ಅಂದ.