ಜಾಂಗೊನ ಗಿಟಾರಿಗೆ ಲಿಪಿ

ಲಿಪಿಯನ್ನೇ ಅರಿಯದವನ ಸಂಗೀತವನ್ನು ಲಿಪಿಯ ಮೂಲಕ ಕಲಿಯಬೇಕಾಗಿ ಬಂದಿರುವುದು ಒಂದು ವಿನೋದವೇ ಸರಿ. ಜಾಂಗೊ ರೈನ್‌ಹಾರ್ಟ್ (1910–1953) ಬೆಲ್ಜಿಯಮ್ಮಿನಲ್ಲಿ ಹುಟ್ಟಿ, ಪ್ಯಾರಿಸ್ಸಿನ ಅಂಚಿನ ಬಂಡಿಬಿಡಾರಗಳಲ್ಲಿ ಬೆಳೆದ ಜಿಪ್ಸಿ. 1934ರಲ್ಲಿ ಪಿಟೀಲುಗಾರ ಸ್ಟೆಫಾನ್ ಗ್ರಾಪೆಲಿಯೊಡನೆ ಅವನು ನಿಲ್ಲಿಸಿದ ಐವರ ಮೇಳದಲ್ಲಿ ಡೋಲಿರಲಿಲ್ಲ, ತುತ್ತೂರಿಯಿರಲಿಲ್ಲ. ಮೂರು ಗಿಟಾರು, ಒಂದು ಪಿಟೀಲು, ಒಂದು ದೊಡ್ಡ ಬಾಸ್, ಎಲ್ಲವೂ ತಂತಿಯೇ. ಆ ಪರಂಪರೆಗೆ ಜಿಪ್ಸಿ ಜಾಝ್ ಎಂದು ಹೆಸರು.

ಅದನ್ನು ನುಡಿಸಬಯಸುವ ನಮ್ಮಂಥವರ ಕೈಗೆ ಸಿಗುವುದು ಕಾರ್ಡ್ ಪಟ. ಚೌಕಾಬಾರದ ಹಾಗೆ ಮನೆಗಳನ್ನು ಗೀಚಿ, ಪ್ರತಿ ಮನೆಯಲ್ಲೂ ಒಂದು ಕಾರ್ಡಿನ, ಎಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛದ, ಹೆಸರನ್ನು ಬರೆದಿರುತ್ತದೆ. ಮನೆಗೆ ನಾಲ್ಕು ಪೆಟ್ಟು. ಇಂಥ ಪಟಗಳಿಗೆ ಬರವಿಲ್ಲ; ಬರವಿರುವುದು ಒಮ್ಮತಕ್ಕೆ. ಒಂದೇ ಮಟ್ಟಿಗೆ ಮೂರು ಪಟ ತಂದು ಹರಡಿದರೆ ಮೂರೂ ಬೇರೆ.

ಇದರಲ್ಲಿ ಅರ್ಧ ಜಗಳ ಬರಿಯ ಹೆಸರಿನದು. ಒಬ್ಬ 'ಎ ಮೈನರ್ ಸಿಕ್ಸ್' ಎಂದು ಬರೆದಲ್ಲಿ ಇನ್ನೊಬ್ಬ 'ಡಿ ನೈಂತ್' ಎನ್ನುತ್ತಾನೆ. ಮೊದಲನೆಯದರ ಸ್ವರಗಳು ಎ, ಸಿ, ಇ, ಎಫ್ ಶಾರ್ಪ್. ಎರಡನೆಯದರಿಂದ ಡಿ ಒಂದನ್ನು ತೆಗೆದರೆ ಉಳಿಯುವುದೂ ಅವೇ. ಗಿಟಾರಿನವನ ಬೆರಳು ಇದ್ದಲ್ಲೇ ಇರುತ್ತದೆ; ಬಾಸಿನವನು ಯಾವ ಸ್ವರ ಹಿಡಿದ ಎಂಬುದೇ ತೀರ್ಪು. ಆದ್ದರಿಂದ ಪಟ ಹೊಂದಿಸುವಾಗ ನಾನು ಹಳೆಯ ಧ್ವನಿಮುದ್ರಿಕೆಯ ಬಾಸನ್ನೇ ಮೊದಲು ಕೇಳುತ್ತೇನೆ.

ಇನ್ನರ್ಧ, ಪಾಂಡಿತ್ಯದ ಪಿಡುಗು. 1937ರಲ್ಲಿ ಮುದ್ರಣವಾದ 'ಮೈನರ್ ಸ್ವಿಂಗ್'ನಲ್ಲಿ ಮನೋಧರ್ಮಕ್ಕೆ ಬಿಟ್ಟ ಭಾಗ 16 ಮನೆಗಳದು. ಎ ಮೈನರ್, ಡಿ ಮೈನರ್, ಇ ಸೆವೆಂತ್: ಮೂರರಲ್ಲಿ ಅದರ ಕೆಲಸ ತೀರುತ್ತದೆ. ಅದಕ್ಕೂ ಮನೆಗೆ ಎರಡೆರಡು ಕಾರ್ಡು ತುರುಕಿದ ಪಟಗಳುಂಟು. ಒಬ್ಬಟ್ಟಿಗೆ ಒಗ್ಗರಣೆ ಹಾಕಿದ ಹಾಗೆ! 1928ರ ಬೆಂಕಿಯಲ್ಲಿ ಜಾಂಗೊನ ಎಡಗೈಯ ಕೊನೆಯ ಎರಡು ಬೆರಳು ಸುಟ್ಟು ಮುದುಡಿದ್ದವು. ಅವನು ಕಿರಿದಾದ ಕಾರ್ಡುಗಳನ್ನು ಹಿಡಿದದ್ದಕ್ಕೂ ಹೆಬ್ಬೆರಳನ್ನು ದಪ್ಪ ತಂತಿಗೆ ತಂದದ್ದಕ್ಕೂ ಇದರೊಡನೆ ಸಂಬಂಧವುಂಟು. ಆರೂ ತಂತಿಗಳ ಮೇಲೆ ಬೆರಳು ಹಾಸುವ ಪಟ ಆ ಕೈಯ ಗುರುತನ್ನೇ ಅಳಿಸುತ್ತದೆ.

ಇನ್ನು, ಯಾವ ಪಟವೂ ಹೇಳಲಾರದ್ದು ತಾಳದ ಗಿಟಾರಿನ ಹೊಡೆತ. 'ಪೊಂಪ್' ಎಂದು ಅದರ ಹೆಸರು. ಎರಡನೆಯ, ನಾಲ್ಕನೆಯ ಪೆಟ್ಟು ಬಿದ್ದೊಡನೆ ಎಡಗೈ ಸಡಿಲಿಸಿ ನಾದವನ್ನು ಕತ್ತರಿಸಬೇಕು. ಡೋಲಿಲ್ಲದ ಮೇಳಕ್ಕೆ ಅದೇ ಡೋಲು. ಜಾಂಗೊನ ತಮ್ಮ ಜೋಸೆಫ್ ವರ್ಷಗಟ್ಟಲೆ ಈ ಕೆಲಸ ಮಾಡಿದ. ಕೃತಿಗಳ ಸ್ವರಪುಸ್ತಕದಲ್ಲಿ ಗಮಕವನ್ನು ಹುಡುಕಿ ದಣಿದ ಓದುಗರಿಗೆ ಈ ಕೊರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಿಪ್ಸಿ ಮನೆತನಗಳಲ್ಲಿ ಹಿರಿಯರ ಎದುರು ಕೂತು, ಕೈ ನೋಡಿ, ಕಿವಿಗೊಟ್ಟು ಕಲಿಯುತ್ತಾರೆ. ನಮಗೆ ಎದುರು ಕೂರುವವರಿಲ್ಲ, ಪಟ ಬೇಕು. ನಾನು ಅದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. 1940ರ 'ನ್ಯುವಾಜ್'ನ ನನ್ನ ಪಟದ ಮೊದಲ ಮನೆಯಲ್ಲಿ ಇನ್ನೂ ಎರಡು ಹೆಸರುಗಳಿವೆ. ಒಂದನ್ನು ಅಳಿಸಲು ಮನಸ್ಸು ಬಂದಿಲ್ಲ.