ಬೋಯರ್ ಯುದ್ಧದ ಬರಹ: ಕವಿತೆ ಮತ್ತು ವರದಿ

ಸಮುದ್ರದಾಚೆ ನಡೆಯುವ ಯುದ್ಧವನ್ನು ಸ್ವದೇಶದಲ್ಲಿ ಉಳಿದ ಜನ ಕಣ್ಣಾರೆ ಕಾಣುವುದಿಲ್ಲ. ಬರಹದ ಮೂಲಕವೇ ಕಾಣುತ್ತಾರೆ. ಆದುದರಿಂದ ಅಂಥ ಯುದ್ಧದ ಸಂದರ್ಭದಲ್ಲಿ ಬರಹದ ಸ್ವರೂಪವನ್ನು ಪರಿಶೀಲಿಸುವುದು ಬರಿಯ ಸಾಹಿತ್ಯವಿಲಾಸವಾಗಲಾರದು. 1899ರ ಅಕ್ಟೋಬರ್ 11ರಿಂದ 1902ರ ಮೇ 31ರವರೆಗೆ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಬೋಯರರಿಗೂ ನಡೆದ ಯುದ್ಧವನ್ನು ಕುರಿತು ಮಾತನಾಡುವಾಗ ಸಾಹಿತ್ಯದ ಅಧ್ಯಾಪಕರು ಮೊದಲು ನೆನೆಯುವುದು ಕಿಪ್ಲಿಂಗ್ ಮತ್ತು ಹಾರ್ಡಿ ಅವರನ್ನು. ಒಬ್ಬರನ್ನು ಸಾಮ್ರಾಜ್ಯದ ವಕ್ತಾರರೆಂದೂ ಇನ್ನೊಬ್ಬರನ್ನು ಯುದ್ಧವಿಮುಖರೆಂದೂ ಎದುರುಬದುರು ನಿಲ್ಲಿಸುವುದು ವಾಡಿಕೆ. ಈ ವಿಭಾಗಕ್ರಮ ತಪ್ಪಲ್ಲವಾದರೂ ಸಾಲದೆಂಬುದು ನಮ್ಮ ಅಭಿಪ್ರಾಯ. ಇಬ್ಬರು ಕವಿಗಳೂ ಒಂದೇ ಕಡೆಗೆ, ಎಂದರೆ ಸೈನಿಕನ ಕಡೆಗೆ, ನೋಡುತ್ತಿದ್ದರು. ಯುದ್ಧವು ಬೇರೊಂದೆಡೆಗೆ ಸರಿದಾಗ ಅದನ್ನು ಹಿಂಬಾಲಿಸಿ ಹೋದದ್ದು ಅವರ ಕಾವ್ಯವಲ್ಲ, ಒಂದು ವರದಿ.

ಕಿಪ್ಲಿಂಗರ ‘ದಿ ಆಬ್ಸೆಂಟ್-ಮೈಂಡೆಡ್ ಬೆಗ್ಗರ್’ 1899ರ ಅಕ್ಟೋಬರ್ 31ರಂದು ‘ಡೈಲಿ ಮೇಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರ್ಥರ್ ಸಲಿವನ್ ಅದಕ್ಕೆ ರಾಗ ಕೂಡಿಸಿದರು. ನಾಟಕಶಾಲೆಗಳಲ್ಲಿ ಅದನ್ನು ಹಾಡಿ, ದಂಡಿಗೆ ಹೋದವರ ಹೆಂಡಿರು ಮಕ್ಕಳಿಗಾಗಿ ಎತ್ತಿದ ಹಣ 2,50,000 ಪೌಂಡುಗಳನ್ನು ಮೀರಿತು. ಕಾವ್ಯವೆಂದು ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಆದರೆ ಅದರ ಗುರಿ ಖಚಿತವಾಗಿತ್ತು. ಯುದ್ಧ ನ್ಯಾಯವೇ ಅಲ್ಲವೇ ಎಂಬ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ. ಮನೆಯಲ್ಲಿ ಉಳಿದವನಿಗೆ ಕಾಸು ಕೊಟ್ಟು ಋಣಮುಕ್ತನಾಗುವ ದಾರಿಯನ್ನು ತೋರಿಸುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ ಹಾರ್ಡಿಯವರ ‘ಡ್ರಮ್ಮರ್ ಹಾಡ್ಜ್’ ಮೊದಲು ‘ದಿ ಡೆಡ್ ಡ್ರಮ್ಮರ್’ ಎಂಬ ಹೆಸರಿನಿಂದ ಹೊರಬಂದಿತು. ‘ಹಾಡ್ಜ್’ ಎಂಬುದು ಹೊಲದ ಕೂಲಿಯಾಳನ್ನು ಪಟ್ಟಣಿಗರು ಹಗುರವಾಗಿ ಕರೆಯುತ್ತಿದ್ದ ಹೆಸರು. ಆ ಹಗುರವಾದ ಹೆಸರನ್ನೇ ಎತ್ತಿಕೊಂಡು, ತನಗೆ ಅರ್ಥವಾಗದ ನೆಲದಲ್ಲಿ, ಗುರುತಿಲ್ಲದ ನಕ್ಷತ್ರಗಳ ಕೆಳಗೆ ಮಣ್ಣಾದ ಹುಡುಗನಿಗೆ ಹಾರ್ಡಿ ಘನತೆ ತಂದುಕೊಟ್ಟರು. ನಮ್ಮ ವೀರಗಲ್ಲುಗಳಲ್ಲಿ ಸತ್ತವನನ್ನು ಅಪ್ಸರೆಯರು ಕೊಂಡೊಯ್ಯುತ್ತಾರೆ. ಹಾಡ್ಜನಿಗೆ ಕಲ್ಲೂ ಇಲ್ಲ, ಅಪ್ಸರೆಯರೂ ಇಲ್ಲ. ಕವಿತೆಯ ಕರುಣಕ್ಕೆ ನಾವು ತಲೆಬಾಗುತ್ತೇವೆ. ಆದರೂ ಆ ಕರುಣದ ಆಲಂಬನ ಸೈನಿಕನೇ ಎಂಬುದನ್ನು ಮರೆಯಲಾಗದು. 1902ರ ‘ದಿ ಮ್ಯಾನ್ ಹಿ ಕಿಲ್ಡ್’ ಎಂಬ ಕವಿತೆಯಲ್ಲಿಯೂ ಕೊಂದವನು ಸೈನಿಕ, ಸತ್ತವನೂ ಸೈನಿಕ.

1900ರ ನಡುವಿನ ತನಕ ಈ ದೃಷ್ಟಿ ಯುದ್ಧಕ್ಕೆ ಹೊಂದುತ್ತಿತ್ತು. 1899ರ ಡಿಸೆಂಬರಿನಲ್ಲಿ ಒಂದೇ ವಾರದೊಳಗೆ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೇನ್, ಕೊಲೆನ್ಸೊಗಳಲ್ಲಿ ಬ್ರಿಟಿಷರು ಸೋತರು. ಮುಂದಿನ ಮೇ ತಿಂಗಳಲ್ಲಿ ಮಾಫೆಕಿಂಗಿನ ಮುತ್ತಿಗೆ ಮುರಿದ ಸುದ್ದಿ ಬಂದಾಗ ಲಂಡನ್ನಿನ ಬೀದಿಗಳಲ್ಲಿ ಜನ ಕುಣಿದ ಪರಿಯಿಂದ ‘ಮ್ಯಾಫಿಕ್’ ಎಂಬ ಹೊಸ ಕ್ರಿಯಾಪದವೇ ಇಂಗ್ಲಿಷಿಗೆ ಬಂದಿತು. ಜೂನ್ 5ರಂದು ಪ್ರಿಟೋರಿಯ ವಶವಾಯಿತು. ಯುದ್ಧ ಮುಗಿಯಿತೆಂಬ ಭಾವನೆಯಲ್ಲಿ ಆ ವರ್ಷದ ಚುನಾವಣೆಯನ್ನು ಸರ್ಕಾರ ಗೆದ್ದುಕೊಂಡಿತು. ಆದರೆ ಯುದ್ಧ ಮುಗಿದಿರಲಿಲ್ಲ. ಬೋಯರರು ಸಣ್ಣ ಸಣ್ಣ ಕುದುರೆ ದಂಡುಗಳಾಗಿ ಚೆದರಿ ಹೋರಾಡತೊಡಗಿದರು. ಅವರಿಗೆ ಅನ್ನ ಆಶ್ರಯಗಳು ದೊರೆಯದಂತೆ ಮಾಡಲು ಬ್ರಿಟಿಷ್ ಸೇನೆ ಸುಮಾರು 30,000 ಒಕ್ಕಲುಮನೆಗಳನ್ನು ನಾಶಮಾಡಿ, ಹೆಂಗಸರನ್ನೂ ಮಕ್ಕಳನ್ನೂ ಡೇರೆಗಳ ಶಿಬಿರಗಳಲ್ಲಿ ಕೂಡಿಹಾಕಿತು. ಸೆರೆಸಿಕ್ಕ ಗಂಡಸರನ್ನು ಸೇಂಟ್ ಹೆಲೀನ, ಸಿಂಹಳ, ಭಾರತಗಳಿಗೆ ಸಾಗಿಸಿದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಅವರನ್ನಿಟ್ಟ ಊರುಗಳಲ್ಲೊಂದು. ರಣರಂಗವು ಹೀಗೆ ಮನೆಯ ಅಂಗಳಕ್ಕೆ ಬಂದಿತ್ತು.

ಇಂಗ್ಲೆಂಡಿನಲ್ಲಿಯೂ ಉತ್ಸಾಹ ಇಳಿಯತೊಡಗಿತು. ಪೌಂಡಿಗೆ 8 ಪೆನ್ಸ್ ಇದ್ದ ಆದಾಯ ತೆರಿಗೆ 1902ರ ವೇಳೆಗೆ 15 ಪೆನ್ಸಿಗೆ ಏರಿತು. ಸಕ್ಕರೆಯ ಮೇಲೂ ತೆರಿಗೆ ಬಿದ್ದಿತು. ಸೇನೆಗೆ ಸೇರಬಂದ ನಗರದ ಯುವಕರಲ್ಲಿ ಅನೇಕರು ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದದ್ದು ಇನ್ನೊಂದು ಆಘಾತ; ಶಾಲಾಮಕ್ಕಳಿಗೆ ಊಟ ಕೊಡುವ 1906ರ ಕಾಯಿದೆಗೆ ಇದೂ ಒಂದು ಪ್ರೇರಣೆ. ಆದರೆ ಬೇಸರ ಬೇರೆ, ಪ್ರತಿಭಟನೆ ಬೇರೆ. 1901ರ ಡಿಸೆಂಬರಿನಲ್ಲಿಯೂ ಬರ್ಮಿಂಗ್‌ಹ್ಯಾಮಿನಲ್ಲಿ ಯುದ್ಧದ ವಿರುದ್ಧ ಮಾತನಾಡಲು ಹೋದ ಲಾಯ್ಡ್ ಜಾರ್ಜ್ ಪೋಲೀಸಿನವನ ವೇಷ ಹಾಕಿಕೊಂಡು ಪಾರಾಗಬೇಕಾಯಿತು. ಖರ್ಚಿನ ಬೇಸರವು ನೈತಿಕ ಪ್ರಶ್ನೆಯಾಗುವುದಕ್ಕೆ ಭಾಷೆಯೊಂದು ಬೇಕಾಗಿತ್ತು.

ಆ ಭಾಷೆಯನ್ನು ಒದಗಿಸಿದವರು ಎಮಿಲಿ ಹಾಬ್‌ಹೌಸ್. ಕಾರ್ನ್‌ವಾಲಿನ ಪಾದ್ರಿಯೊಬ್ಬರ ಮಗಳಾದ ಆಕೆ, ತಾವೇ ಮುಂದಾಗಿ ಸ್ಥಾಪಿಸಿದ ನೆರವಿನ ನಿಧಿಯ ಪರವಾಗಿ 1901ರ ಜನವರಿಯಲ್ಲಿ ಬ್ಲೂಮ್‌ಫಾಂಟೇನಿನ ಶಿಬಿರವನ್ನು ಕಂಡರು. ಜೂನ್ ತಿಂಗಳಲ್ಲಿ ಆಕೆಯ ವರದಿ ಅಚ್ಚಾಯಿತು. ಅದು ತನ್ನನ್ನು ಸಾಹಿತ್ಯವೆಂದು ಕರೆದುಕೊಳ್ಳುವುದಿಲ್ಲ. ಪತ್ರಗಳ ಭಾಗಗಳು, ಹೆಂಗಸರ ಹೇಳಿಕೆಗಳು, ಸಲಹೆಗಳು, ಇಷ್ಟೇ ಅದರ ಸಾಮಗ್ರಿ. ಒಂದು ಡೇರೆಯಲ್ಲಿ ಎಷ್ಟು ಜನ, ನೀರು ಎಷ್ಟು, ಸೌದೆ ಎಷ್ಟು, ಸೋಪು ಉಂಟೇ ಇಲ್ಲವೇ ಎಂಬುದನ್ನು ಆಕೆ ಗೃಹಿಣಿಯ ಲೆಕ್ಕದಲ್ಲಿ ಹೇಳುತ್ತ ಹೋಗುತ್ತಾರೆ. ನಮ್ಮ ಲಾಕ್ಷಣಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ವಿಭಾವಗಳನ್ನಷ್ಟೇ ಮುಂದಿಟ್ಟು ಶೋಕವನ್ನು ಓದುಗರಿಗೇ ಬಿಡುವ ಬರಹವಿದು. ಸೋಪಿಲ್ಲದ ಡೇರೆಯನ್ನು ಓದಿದ ತಾಯಿ ತನ್ನ ಮನೆಯ ಬಚ್ಚಲನ್ನು ನೆನೆಯುತ್ತಾಳೆ. ಹಾಡ್ಜನ ನಕ್ಷತ್ರಗಳು ಆಕೆಗೆ ದೂರ, ಸೋಪು ದೂರವಲ್ಲ. ವಿರೋಧಪಕ್ಷದ ನಾಯಕ ಕ್ಯಾಂಬೆಲ್-ಬ್ಯಾನರ್‌ಮನ್ ಆಕೆಯನ್ನು ಕಂಡು ಮಾತನಾಡಿದ ಮರುದಿನವೇ, ಜೂನ್ 14ರಂದು, ಬರ್ಬರ ವಿಧಾನಗಳಿಂದ ಈ ಯುದ್ಧ ನಡೆಯುತ್ತಿದೆಯೆಂದು ಬಹಿರಂಗವಾಗಿ ಖಂಡಿಸಿದರು.

ಇದು ಪ್ರಚಾರಸಾಹಿತ್ಯವಷ್ಟೇ, ಕಾವ್ಯದೊಡನೆ ಇದನ್ನು ತೂಗುವುದು ಉಚಿತವಲ್ಲ ಎಂಬ ಆಕ್ಷೇಪಣೆ ಬರಬಹುದು. ಉತ್ತರಕ್ಕಾಗಿ ಇನ್ನೊಂದು ವರದಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಸರ್ಕಾರವೇ ನೇಮಿಸಿದ, ಯುದ್ಧವನ್ನು ಬೆಂಬಲಿಸುತ್ತಿದ್ದ ಮಿಲಿಸೆಂಟ್ ಫಾಸೆಟ್ ಅವರ ನೇತೃತ್ವದ ಮಹಿಳಾ ಆಯೋಗವು ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಶಿಬಿರಗಳನ್ನು ಪರೀಕ್ಷಿಸಿತು. ಹಾಬ್‌ಹೌಸ್ ಹೇಳಿದುದರ ಬಹುಭಾಗವನ್ನು ಅದು ಸ್ಥಿರಪಡಿಸಿತು. ಅದರ ಸಲಹೆಗಳಿಂದ ಜೀವಗಳು ಉಳಿದುವು. 1901ರ ಅಕ್ಟೋಬರಿನಲ್ಲಿ ವರ್ಷದ ಲೆಕ್ಕಕ್ಕೆ ಸಾವಿರಕ್ಕೆ 344ರಷ್ಟಿದ್ದ ಮರಣಪ್ರಮಾಣ ಆಮೇಲೆ ಇಳಿಯಿತು. ಕಾರ್ಯದಲ್ಲಿ ಆ ವರದಿ ಕಡಮೆಯದೇನಲ್ಲ. ಆದರೆ ಅದು ಸಾವಿನ ಕಾರಣಗಳನ್ನು ಯುದ್ಧದಿಂದಾದ ನೈರ್ಮಲ್ಯಹೀನತೆ, ಶಿಬಿರವಾಸಿಗಳ ಕೈಯಲ್ಲಿದ್ದುವು, ಆಡಳಿತದ ಕೈಯಲ್ಲಿದ್ದುವು ಎಂದು ಮೂರಾಗಿ ಹಂಚುತ್ತದೆ. ಆ ಹಂಚಿಕೆಯಲ್ಲಿ ಬೋಯರ್ ತಾಯಿಯರ ಮನೆಮದ್ದು ಆರೋಪದ ಪಟ್ಟಿಗೆ ಸೇರುತ್ತದೆ. ಮಗುವನ್ನು ಕಳೆದುಕೊಂಡವಳು ಒಂದು ಬರಹದಲ್ಲಿ ಸಾಕ್ಷಿ, ಇನ್ನೊಂದರಲ್ಲಿ ಅರ್ಧ ಆರೋಪಿ. ವಿಷಯ ಒಂದೇ ಆಗಿದ್ದೂ ಬರೆಯುವವರು ನಿಂತ ಸ್ಥಾನ ಬದಲಾದೊಡನೆ ಅರ್ಥ ಬದಲಾಗುವುದೆಂದರೆ, ಅಲ್ಲಿ ವಿಮರ್ಶಕನಿಗೆ ಕೆಲಸವಿದೆ ಎಂದೇ ಅರ್ಥ.

ಹಾಬ್‌ಹೌಸರ ಬರಹಕ್ಕೂ ಮಿತಿಯಿದೆ, ಅದು ಸಣ್ಣದಲ್ಲ. ಆ ನೆಲದ ಕಪ್ಪು ಜನರನ್ನೂ ಹೊಲಮನೆಗಳಿಂದ ಎಬ್ಬಿಸಿ ಬೇರೆ ಶಿಬಿರಗಳಲ್ಲಿ ಇರಿಸಿದ್ದರು. ಅವು ವರದಿಯಲ್ಲಿ ಹಾದುಹೋಗುವ ಮಾತಾಗಿ ಮಾತ್ರ ಬರುತ್ತವೆ. ಗಾಯಾಳುಗಳನ್ನು ಹೊತ್ತ ಭಾರತೀಯರಿಗೂ ಈ ಯುದ್ಧದ ಬರಹಗಳಲ್ಲಿ ದೊರೆತ ಎಡೆ ಅಲ್ಪವೇ. ನೇಟಾಲಿನಲ್ಲಿ ಗಾಂಧಿಯವರು ಕಟ್ಟಿದ ದಳದಲ್ಲಿ ಸುಮಾರು 1,100 ಜನರಿದ್ದರು. ಅವರಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳು. ತಮ್ಮ ಸಹಾನುಭೂತಿ ಬೋಯರರ ಕಡೆಗಿತ್ತೆಂದು ಗಾಂಧಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1914ರಲ್ಲಿ ಅವರಿಗೂ ಸ್ಮಟ್ಸ್‌ರಿಗೂ ಮಾತುಕತೆ ನಡೆದಾಗ ಸ್ಮಟ್ಸ್‌ರಿಗೆ ಭಾರತೀಯರ ಪರವಾಗಿ ಬರೆದವರಲ್ಲಿ ಇದೇ ಹಾಬ್‌ಹೌಸ್ ಒಬ್ಬರು.

ಶಿಬಿರಗಳಲ್ಲಿ ಸತ್ತ ಬೋಯರರು ಸುಮಾರು 28,000. ಅವರಲ್ಲಿ ಸುಮಾರು 22,000 ಮಂದಿ ಹದಿನಾರು ತುಂಬದ ಮಕ್ಕಳು. ಅವರ ನೆನಪಿಗೆ 1913ರಲ್ಲಿ ಬ್ಲೂಮ್‌ಫಾಂಟೇನಿನಲ್ಲಿ ಎದ್ದ ಸ್ಮಾರಕದ ಬುಡದಲ್ಲಿ 1926ರಲ್ಲಿ ಹಾಬ್‌ಹೌಸರ ಚಿತಾಭಸ್ಮವನ್ನು ಇರಿಸಿದರು. ಕಪ್ಪು ಜನರ ಶಿಬಿರಗಳಲ್ಲಿ ಸತ್ತವರು 14,000ಕ್ಕೆ ಕಡಮೆಯಿಲ್ಲವೆಂದು ಇತಿಹಾಸಕಾರರು ಎಣಿಸಿದ್ದು ಅದಾದ ಎಷ್ಟೋ ದಶಕಗಳ ಮೇಲೆ.